ಇರಿವಬೆಡಂಗ ಸತ್ಯಾಶ್ರಯನ ಕೀರ್ತಿಯೂ ಇಂದಿನ ಲೋಕಕುತೂಹಲವೂ

೧

ಮಹಾಭಾರತದ ವನಪರ್ವದಲ್ಲಿ ಇಂದ್ರದ್ಯುಮ್ನನೆಂಬ ರಾಜರ್ಷಿಯ ಕಥೆಯೊಂದುಂಟು. ಆತನು ಬಹುಕಾಲ ಸ್ವರ್ಗದಲ್ಲಿದ್ದ ಮೇಲೆ, ಭೂಮಿಯಲ್ಲಿ ತನ್ನ ಕೀರ್ತಿಯು ಅಳಿದುಹೋದ ಕಾರಣದಿಂದ ಅಲ್ಲಿಂದ ಕೆಳಕ್ಕೆ ಬಿದ್ದನು. ತನ್ನನ್ನು ಬಲ್ಲಿರಾ ಎಂದು ಚಿರಂಜೀವಿಯಾದ ಮಾರ್ಕಂಡೇಯನನ್ನು ಕೇಳಲು ಆ ಮುನಿಯು ಅರಿಯೆನೆಂದನು. ಮುನಿಗಿಂತ ವಯಸ್ಸಿನಲ್ಲಿ ಹಿರಿದಾದ ಗೂಗೆಯೂ, ಗೂಗೆಗಿಂತ ಹಿರಿದಾದ ಬಕವೂ ಅರಿಯೆವೆಂದವು. ಕಡೆಗೆ ಬಕಕ್ಕಿಂತಲೂ ಹಿರಿದಾದ ಆಮೆಯೊಂದು ಸರೋವರದಿಂದ ಮೇಲೆದ್ದು ಬಂದು, ತಾನು ಬಾಳಿದ ಆ ಸರೋವರವೇ ಈ ದೊರೆಯು ದಾನವಿತ್ತ ಗೋವುಗಳ ಗೊರಸಿನ ತುಳಿತದಿಂದ ಉಂಟಾದುದೆಂದು ಸಾಕ್ಷಿ ನುಡಿಯಿತು. ಆ ಮಾತು ಮುಗಿಯುತ್ತಿದ್ದಂತೆಯೇ ಇಂದ್ರದ್ಯುಮ್ನನನ್ನು ಮರಳಿ ಕರೆದೊಯ್ಯಲು ದೇವರಥವು ಬಂದಿತು.

ರಾಜರ ಕೀರ್ತಿಯನ್ನು ವಿಚಾರಿಸುವವರಿಗೆ ಈ ಕಥೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಎಲ್ಲವನ್ನೂ ಬಲ್ಲವನೆಂದು ಹೆಸರಾದ ಮುನಿಯೇ ಆ ದೊರೆಯನ್ನು ಮರೆತಿದ್ದನೆಂಬುದು ಒಂದು. ಆತನ ಹೆಸರನ್ನು ಉಳಿಸಿದುದು ಆತನು ಕೀರ್ತಿಗಾಗಿ ಮಾಡಿದ ಕಾರ್ಯವಾಗಿರದೆ, ಆತನ ದಾನದಿಂದ ತಾನಾಗಿ ಮೂಡಿದ ಕೆರೆ ಎಂಬುದು ಇನ್ನೊಂದು. ಕರ್ಣಾಟಕದ ಇತಿಹಾಸದಲ್ಲಿ ಈ ಎರಡು ಸಂಗತಿಗಳಿಗೂ ನಿದರ್ಶನವಾಗಬಲ್ಲ ಅರಸನೊಬ್ಬನಿದ್ದಾನೆ. ಅವನು ಕಲ್ಯಾಣದ ಚಾಲುಕ್ಯರ ಎರಡನೆಯ ದೊರೆಯಾದ ಇರಿವಬೆಡಂಗ ಸತ್ಯಾಶ್ರಯನು. ಅವನ ಕೀರ್ತಿಯು ಯಾವ ಪಾತ್ರೆಗಳಲ್ಲಿ ಉಳಿದು ಬಂದಿತು, ಇಂದಿನ ಜನರ ಕುತೂಹಲವು ಆ ಪಾತ್ರೆಗಳ ಬಳಿಗೆ ಹೋಗುತ್ತಿದೆಯೇ ಇಲ್ಲವೇ, ಹೋಗದಿದ್ದರೆ ಕಾರಣವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ರಾಷ್ಟ್ರಕೂಟರ ಕಡೆಯ ದೊರೆಯಾದ ಎರಡನೆಯ ಕರ್ಕನನ್ನು ಕ್ರಿ. ಶ. ೯೭೩ರಲ್ಲಿ ಸೋಲಿಸಿ ಚಾಲುಕ್ಯ ವಂಶವನ್ನು ಮರಳಿ ಸಿಂಹಾಸನಕ್ಕೇರಿಸಿದವನು ಎರಡನೆಯ ತೈಲಪನು. ಅವನ ಹಿರಿಯ ಮಗನೇ ಸತ್ಯಾಶ್ರಯ. ತಂದೆಯ ಕಾಲದಲ್ಲಿಯೇ ಸೇನೆಯನ್ನು ನಡೆಸಿ ಹೆಸರು ಪಡೆದ ಈತನು ೯೯೭ರಲ್ಲಿ ಪಟ್ಟವೇರಿ ಸುಮಾರು ೧೦೦೮ರವರೆಗೆ ಆಳಿದನು. ಇರಿವಬೆಡಂಗ, ಸಾಹಸಭೀಮ, ಅಕಳಂಕಚರಿತ ಎಂಬಿವು ಈತನ ಬಿರುದುಗಳು. ಇರಿವಬೆಡಂಗನೆಂದರೆ ಇರಿಯುವುದರಲ್ಲಿ, ಅಂದರೆ ಕಾದುವುದರಲ್ಲಿ, ಚೆಲುವನ್ನು ತೋರುವವನೆಂದು ಅರ್ಥ. ಇವನ ತರುವಾಯ ರಾಜ್ಯವು ತಮ್ಮನ ಮಗನಾದ ಐದನೆಯ ವಿಕ್ರಮಾದಿತ್ಯನಿಗೆ ಸಂದಿತು. ವಂಶವು ಮುಂದೆ ಒಂದೂವರೆ ಶತಮಾನಕ್ಕೂ ಮೀರಿ ಬಾಳಿದರೂ ಅದು ಇವನ ಮಕ್ಕಳ ಕವಲಾಗಿರಲಿಲ್ಲ. ತನ್ನ ಕವಲಿನವರು ಸಿಂಹಾಸನದಲ್ಲಿಲ್ಲದ ಅರಸನ ಹೆಸರನ್ನು ಆಸ್ಥಾನಕವಿಗಳು ವಂಶಾವಳಿಯಲ್ಲಿ ಒಂದೆರಡು ಮಾತುಗಳಲ್ಲಿ ಮುಗಿಸುವುದು ಸಹಜವೇ ಆಗಿದೆ.

ಹನ್ನೊಂದು ವರ್ಷಗಳ ಈ ಆಳಿಕೆಯಲ್ಲಿ ಎಲ್ಲಕ್ಕೂ ಮಿಗಿಲಾದ ಘಟನೆ ಚೋಳರ ದಂಡಯಾತ್ರೆ. ಅದರ ಚಾಲುಕ್ಯ ಪಕ್ಷದ ಸಾಕ್ಷ್ಯವು ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನ ಶಾಸನದಲ್ಲಿದೆ. ಶಕವರ್ಷ ೯೨೯, ಎಂದರೆ ಕ್ರಿ. ಶ. ೧೦೦೭-೦೮ರ ಆ ಶಾಸನದ ಪ್ರಕಾರ, ರಾಜರಾಜ ನಿತ್ಯವಿನೋದನ ಮಗನಾದ ನೂರ್ಮಡಿಚೋಳ ರಾಜೇಂದ್ರನು ಒಂಬತ್ತು ಲಕ್ಷ ಸೇನೆಯೊಡನೆ ಬಂದು ದೋಣವೂರಿನಲ್ಲಿ ಬೀಡುಬಿಟ್ಟು ನಾಡನ್ನೆಲ್ಲ ಸೂರೆಗೊಂಡನು. ಹೆಂಗಸರು, ಮಕ್ಕಳು, ಬ್ರಾಹ್ಮಣರು ಎನ್ನದೆ ಕೊಲ್ಲಿಸಿದನು. ಆಗ ಸತ್ಯಾಶ್ರಯನು ಚೋಳನನ್ನು ಹಿಮ್ಮೆಟ್ಟಿಸಿ ಅವನ ವಸ್ತುವಾಹನಗಳನ್ನು ಕೈವಶಮಾಡಿಕೊಂಡು ದಕ್ಷಿಣದಿಕ್ಕನ್ನು ಗೆದ್ದನು. ತಿಗುಳಮಾರಿ, ಎಂದರೆ ತಮಿಳರಿಗೆ ಮಾರಿಯಾದವನು, ಎಂಬ ಬಿರುದು ಅಲ್ಲಿ ಈತನಿಗೆ ಸಲ್ಲುತ್ತದೆ.

ದೋಣವೂರನ್ನು ವಿದ್ವಾಂಸರು ವಿಜಯಪುರ ಜಿಲ್ಲೆಯ ಬಾಗೇವಾಡಿ ಸೀಮೆಯ ದೋಣೂರೆಂದು ಗುರುತಿಸಿದ್ದಾರೆ. ಬೀಳಗಿಯಿಂದ ಕೃಷ್ಣೆಯನ್ನು ದಾಟಿ ಬಡಗಣಕ್ಕೆ ನಡೆದವರಿಗೆ ಅದು ದೂರದ ಊರಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೊಳಗೊಂಡ ಕೃಷ್ಣಾ-ಘಟಪ್ರಭೆಗಳ ನಡುವಣ ನಾಡು ಆ ಯುದ್ಧದ ನೆರೆಯಲ್ಲಿಯೇ ಇದ್ದಿತು.

ಚೋಳಪಕ್ಷದ ಸಾಕ್ಷ್ಯವು ಇದಕ್ಕೆ ವಿರುದ್ಧವಾಗಿದೆ. ತಂಜಾವೂರಿನ ರಾಜರಾಜೇಶ್ವರ ದೇವಾಲಯದ ಶಾಸನವು, ಸತ್ಯಾಶ್ರಯನನ್ನು ಗೆದ್ದು ಬಂದ ರಾಜರಾಜನು ದೇವರ ಪಾದಕ್ಕೆ ಹೊನ್ನಿನ ಹೂಗಳನ್ನು ಅರ್ಪಿಸಿದುದನ್ನು ಹೇಳುತ್ತದೆ. ರಾಜೇಂದ್ರನ ಪ್ರಶಸ್ತಿಗಳಲ್ಲಿ ಬನವಾಸಿ, ಕೊಳ್ಳಿಪಾಕೆ, ಮಾನ್ಯಖೇಟಗಳು ಗೆದ್ದ ನೆಲೆಗಳಾಗಿ ಎಣಿಸಲ್ಪಟ್ಟಿವೆ. ಒಂದೇ ಯುದ್ಧದಲ್ಲಿ ಇಬ್ಬರೂ ಗೆದ್ದೆವೆನ್ನುವುದು ಪ್ರಶಸ್ತಿಗಳ ಲೋಕದಲ್ಲಿ ಹೊಸದಲ್ಲ. ಒಂಬತ್ತು ಲಕ್ಷವೆಂಬ ಸಂಖ್ಯೆಯನ್ನು ಶಾಸನಕವಿಯ ಅತಿಶಯವೆಂದು ಬಿಡಬಹುದು; ಹೊನ್ನಿನ ಹೂವನ್ನು ಬಿಡಲಾಗದು, ಏಕೆಂದರೆ ಅದು ದೇವಾಲಯದ ಲೆಕ್ಕದಲ್ಲಿ ಸೇರಿದ ವಸ್ತು. ಎರಡನ್ನೂ ಕೂಡಿಸಿ ನೋಡಿದರೆ, ಚೋಳಸೇನೆಯು ನಾಡಿನ ನಡುವಿನವರೆಗೆ ಬಂದು ಸುಲಿದುದೂ ಸತ್ಯ. ಅದು ಇಲ್ಲಿ ನೆಲೆಯೂರಲಾರದೆ ಹಿಂದೆ ಸರಿದು, ತುಂಗಭದ್ರೆಯೇ ಬಹುಮಟ್ಟಿಗೆ ಉಭಯರಾಜ್ಯಗಳ ಎಲ್ಲೆಯಾಗಿ ನಿಂತುದೂ ಸತ್ಯ. ಸತ್ಯಾಶ್ರಯನ ನಿಜವಾದ ಹಿರಿಮೆಯು ದಿಗ್ವಿಜಯದಲ್ಲಿಲ್ಲ. ಸುಲಿಗೆಗೊಳಗಾದ ರಾಜ್ಯವನ್ನು ಒಡೆಯಗೊಡದೆ ಉಳಿಸಿ ಮುಂದಿನವರ ಕೈಗೆ ಒಪ್ಪಿಸಿದುದರಲ್ಲಿದೆ.

೩

ಈ ಅರಸನ ಎರಡನೆಯ ಕೀರ್ತಿಪಾತ್ರೆ ಕಾವ್ಯ. ಕವಿಚಕ್ರವರ್ತಿ ರನ್ನನು ಕ್ರಿ. ಶ. ೯೪೯ರಲ್ಲಿ, ಸೌಮ್ಯ ಸಂವತ್ಸರದಲ್ಲಿ, ಬಳೆಗಾರರ ಮನೆಯಲ್ಲಿ ಹುಟ್ಟಿದನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ತನ್ನ ಊರನ್ನು ಅವನು ಕೃಷ್ಣಾ-ಘಟಪ್ರಭೆಗಳ ನಡುವಣ ಬೆಳುಗಲಿ ಐನೂರರಲ್ಲಿ ಸೇರಿದ ಜಂಬುಖಂಡಿ ಎಪ್ಪತ್ತರ ಮುದುವೊಳಲೆಂದು ತಾನೇ ಗುರುತುಹಾಕಿ ಹೇಳಿದ್ದಾನೆ. ಮುದುವೊಳಲು ಇಂದಿನ ಮುಧೋಳ. ಜಂಬುಖಂಡಿ ಇಂದಿನ ಜಮಖಂಡಿ. ಬೆಳುಗಲಿಯ ನೆನಪನ್ನು ಮುಧೋಳ ತಾಲ್ಲೂಕಿನ ರನ್ನಬೆಳಗಲಿಯು ಕವಿಯ ಹೆಸರಿನೊಡನೆಯೇ ಹೊತ್ತು ನಿಂತಿದೆ. ಅರಸನೊಬ್ಬನ ಕೀರ್ತಿಕಾವ್ಯವನ್ನು ಬರೆದವನು ತನ್ನ ನಾಡಿನ ಎಲ್ಲೆಗಳನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟುದು ಸಾಮಾನ್ಯ ಸಂಗತಿಯಲ್ಲ.

ರನ್ನನ ಸಾಹಸಭೀಮವಿಜಯ, ಎಂದರೆ ಗದಾಯುದ್ಧ, ಹತ್ತು ಆಶ್ವಾಸಗಳ ಚಂಪೂಕಾವ್ಯ. ಪಂಪನು ೯೪೧ರಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದಂತೆ ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದನು. ಈ ಅಭೇದಕ್ಕಾಗಿ ಅವನು ವ್ಯಾಸಭಾರತದ ಕಟ್ಟನ್ನೇ ಸಡಿಲಿಸಿ, ಕಡೆಯಲ್ಲಿ ಧರ್ಮರಾಯನಿಗೆ ಬದಲಾಗಿ ಭೀಮನಿಗೇ ಪಟ್ಟವನ್ನು ಕಟ್ಟಿಸಿದ್ದಾನೆ. ಗೂರ್ಜರರ ಮೇಲಣ ವಿಜಯ, ಕೊಂಕಣದ ಶಿಲಾಹಾರ ಅಪರಾಜಿತನನ್ನು ತಗ್ಗಿಸಿದುದು ಮೊದಲಾದ ಸಂಗತಿಗಳು ಈ ಕಾವ್ಯದಿಂದ ತಿಳಿದುಬರುತ್ತವೆ.

ಇಲ್ಲಿ ಎರಡು ವಿಶೇಷಗಳನ್ನು ಗಮನಿಸಬೇಕು. ಮೊದಲನೆಯದು, ದೋಣೂರಿನ ಯುದ್ಧದ ವೃತ್ತಾಂತವು ಗದಾಯುದ್ಧದಲ್ಲಿಲ್ಲ. ಕಾವ್ಯದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಮತಭೇದವುಂಟು: ಕೆಲವರು ಸತ್ಯಾಶ್ರಯನು ಇನ್ನೂ ಯುವರಾಜನಾಗಿದ್ದ ೯೮೨ರ ಸುಮಾರಿಗೆ ಇಡುತ್ತಾರೆ, ಕೆಲವರು ಪಟ್ಟವಾದ ಮೇಲಿನ ವರ್ಷಗಳಿಗೆ ತರುತ್ತಾರೆ. ಯಾವ ಪಕ್ಷವನ್ನು ಹಿಡಿದರೂ ೧೦೦೭ರ ಆಪತ್ತು ಕಾವ್ಯದ ಹೊರಗೆ ಉಳಿಯುತ್ತದೆ. ಹೀಗಾಗಿ ಅರಸನನ್ನು ಲೋಕಕ್ಕೆ ಪರಿಚಯಿಸುವ ಕಾವ್ಯದಲ್ಲಿ ಆತನ ಬಾಳಿನ ಪರಮಪರೀಕ್ಷೆಯೇ ಇಲ್ಲ. ಪರೀಕ್ಷೆಯನ್ನು ಹೇಳುವ ಶಾಸನಕ್ಕೆ ಕಾವ್ಯದ ವಾಚಕರಿಲ್ಲ. ಕಾವ್ಯವು ಕುಮಾರನ ಕೀರ್ತಿಯನ್ನು ಹಿಡಿದಿದೆ, ಕಲ್ಲು ದೊರೆಯ ಭಾರವನ್ನು ಹೊತ್ತಿದೆ.

ಎರಡನೆಯದು ಕಾವ್ಯದ ಗುಣದಿಂದಲೇ ಉಂಟಾದುದು. ಭೀಮನ ಗೆಲವಿಗಾಗಿ ಬರೆದ ಕಾವ್ಯದಲ್ಲಿ ಸಹೃದಯರ ಮನಸ್ಸು ನಿಲ್ಲುವುದು ದುರ್ಯೋಧನನಲ್ಲಿ. ಸಂಜಯನೊಡನೆ ಕಳೇಬರಗಳ ನಡುವೆ ನಡೆದು, ಕರ್ಣ ದುಶ್ಶಾಸನರಿಗಾಗಿ ಮರುಗಿ, ಶತ್ರುಪುತ್ರನಾದ ಅಭಿಮನ್ಯುವಿಗೂ ಕೈಮುಗಿಯುವ ಕುರುಪತಿಯ ಚಿತ್ರವು ಭೀಮನ ಗರ್ಜನೆಯನ್ನು ಮುಸುಕಿಬಿಡುತ್ತದೆ. ಆಶ್ರಯದಾತನಿಗೆ ಪಟ್ಟವನ್ನು ಕಟ್ಟಿದ ಕವಿಯೇ ಆಶ್ರಯದಾತನ ಎದುರಾಳಿಗೆ ವಾಚಕರ ಹೃದಯವನ್ನು ಕೊಟ್ಟುಬಿಟ್ಟನು. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಇದೇ ಕಾವ್ಯದಿಂದ ಗದಾಯುದ್ಧ ನಾಟಕವನ್ನು ರೂಪಿಸಿದಾಗ ಅದು ದುರ್ಯೋಧನನ ದುರಂತವಾಗಿಯೇ ರೂಪುಗೊಂಡಿತು. ಸತ್ಯಾಶ್ರಯನನ್ನು ಬೆಳಗಬೇಕಾಗಿದ್ದ ದೀಪವು ಬೇರೊಬ್ಬನ ಮುಖವನ್ನು ಬೆಳಗಿತು. ಇದು ಕವಿಯ ದೋಷವಲ್ಲ, ಕವಿತ್ವದ ಸ್ವಾತಂತ್ರ್ಯ. ಆದರೆ ಅರಸನ ಕೀರ್ತಿಗೆ ಇದರಿಂದ ಆದ ನಷ್ಟವೂ ಸಣ್ಣದಲ್ಲ.

೪

ಈಗ ವರ್ತಮಾನಕ್ಕೆ ಬರೋಣವಾಗಲಿ. ಮುಧೋಳವೆಂಬ ಹೆಸರನ್ನು ಇಂದು ಅಂತರ್ಜಾಲದಲ್ಲಿ ಅರಸುವವರ ಕಣ್ಣಿಗೆ ಹೆಚ್ಚಾಗಿ ಬೀಳುವುದು ಕವಿಯೂ ಅಲ್ಲ, ಅರಸನೂ ಅಲ್ಲ, ಬೇಟೆನಾಯಿ. ನೀಳವಾದ ಮೈ, ಸಣ್ಣ ನಡು, ತೀವ್ರವಾದ ಓಟ ಇವುಗಳಿಂದ ಹೆಸರಾದ ಈ ತಳಿಯನ್ನು ಪೋಷಿಸಿ ಬೆಳೆಸಿದವರು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು. ಅವರಲ್ಲಿ ಮಾಲೋಜಿರಾಯನು ಒಂದು ಜೊತೆ ನಾಯಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟುದರಿಂದ ಮುಧೋಳದ ಹೆಸರೇ ತಳಿಯ ಹೆಸರಾಯಿತೆಂಬುದು ಪ್ರಸಿದ್ಧವಾಗಿದೆ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ತಳಿಯ ಸಂಶೋಧನ ಕೇಂದ್ರವು ಸ್ಥಾಪಿತವಾಯಿತು. ಸೇನೆಯು ತರಬೇತಿಗೆ ಆರಿಸಿಕೊಂಡಿತು. ೨೦೨೦ರಲ್ಲಿ ಪ್ರಧಾನಮಂತ್ರಿಗಳು ಬಾನುಲಿ ಭಾಷಣದಲ್ಲಿ ಇದನ್ನು ಕೊಂಡಾಡಿದ ಮೇಲೆ ದೇಶದ ಕುತೂಹಲವೆಲ್ಲ ಒಮ್ಮೆಗೇ ಈ ಊರಿನ ಕಡೆಗೆ ತಿರುಗಿತು. ೧೯೪೮ರಲ್ಲಿ ವಿಲೀನವಾದ ಸಂಸ್ಥಾನದ ನೆನಪನ್ನು ಅರಮನೆಗಿಂತಲೂ ಸನ್ನದುಗಳಿಗಿಂತಲೂ ನಾಯಿಯೇ ಗಟ್ಟಿಯಾಗಿ ಹಿಡಿದಿದೆ. ಇಂದ್ರದ್ಯುಮ್ನನ ಆಮೆಯು ಇಲ್ಲಿ ಮತ್ತೊಂದು ರೂಪದಲ್ಲಿ ಸಾಕ್ಷಿ ನುಡಿಯುತ್ತಿದೆ.

ನೆರೆಯ ಊರುಗಳಲ್ಲಿಯೂ ಜನಸ್ಮೃತಿಯ ದಾರಿ ಇದೇ ಆಗಿದೆ. ಬೀಳಗಿಯ ಪ್ರಾಚೀನವಾದ ಬಾವಿಯನ್ನು ಜನರು ಕರೆಯುವುದು ಆರೆತ್ತಿನ ಬಾವಿಯೆಂದು. ಆ ಹೆಸರಿನಲ್ಲಿ ನಿಂತಿರುವುದು ನೀರೆತ್ತಿದ ಎತ್ತುಗಳ ಲೆಕ್ಕವೇ ಹೊರತು ಕಟ್ಟಿಸಿದವನ ಬಿರುದಲ್ಲ. ರಬಕವಿ-ಬನಹಟ್ಟಿಗಳ ಹೆಸರನ್ನು ದೂರದೂರುಗಳಿಗೆ ಒಯ್ಯುವುದು ನೇಕಾರರ ಸೀರೆ. ಜಮಖಂಡಿಯಲ್ಲಿ ಪಟವರ್ಧನ ಮನೆತನದ ಕಡೆಯ ದೊರೆ ಶಂಕರರಾಯನ ಹೆಸರು ಬಂದಾಗ ಜನರು ನೆನೆಯುವುದು ಅವನ ಸಿಂಹಾಸನವನ್ನಲ್ಲ. ೧೯೪೮ರಲ್ಲಿ ಆ ಸಿಂಹಾಸನವನ್ನು ಬಿಟ್ಟುಕೊಟ್ಟುದನ್ನು. ಬಳಕೆಯಲ್ಲಿರುವ ವಸ್ತು, ಕಣ್ಣಿಗೆ ಕಾಣುವ ಪ್ರಾಣಿ, ಬಾಯಿಂದ ಬಾಯಿಗೆ ಹೋಗುವ ಕಥೆ ಇವುಗಳಿಗೆ ಅಂಟಿದ ಹೆಸರುಗಳು ಉಳಿಯುತ್ತವೆ. ಬರಿಯ ಬಿರುದುಗಳು ಉದುರುತ್ತವೆ.

ರನ್ನನಿಗೂ ಈ ಭಾಗ್ಯವು ದೊರೆತಿದೆ. ಊರಿಗೆ ಅವನ ಹೆಸರಿದೆ, ಸಕ್ಕರೆಯ ಕಾರ್ಖಾನೆಯಿರುವ ನೆಲೆಗೆ ರನ್ನನಗರವೆಂದು ಹೆಸರಾಗಿದೆ, ಮುಧೋಳದಲ್ಲಿ ಸರಕಾರದ ವತಿಯಿಂದ ರನ್ನವೈಭವವೆಂಬ ಉತ್ಸವವು ನಡೆದಿದೆ, ಪಾಠಪುಸ್ತಕಗಳಲ್ಲಿ ಗದಾಯುದ್ಧದ ಭಾಗಗಳು ಇವೆ. ಬಳೆಗಾರನ ಮಗನು ಬೀದಿಬೀದಿಯಲ್ಲಿದ್ದಾನೆ. ಆತನು ಪಟ್ಟಕಟ್ಟಿದ ಚಕ್ರವರ್ತಿಯನ್ನು ಮಾತ್ರ ಕೇಳುವವರಿಲ್ಲ.

೫

ಅದೇ ಯುದ್ಧದ ಪ್ರತಿಪಕ್ಷದವರ ಸ್ಥಿತಿಯನ್ನು ಹೋಲಿಸಿದರೆ ಅಂತರವು ಇನ್ನೂ ಸ್ಪಷ್ಟವಾಗುತ್ತದೆ. ರಾಜರಾಜನು ೧೦೧೦ರಲ್ಲಿ ಪೂರ್ಣಗೊಳಿಸಿದ ತಂಜಾವೂರಿನ ಮಹಾದೇವಾಲಯವು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೨೦೧೦ರಲ್ಲಿ ಅದರ ಸಹಸ್ರಮಾನೋತ್ಸವವು ನಡೆಯಿತು. ಕಲ್ಕಿಯವರು ೧೯೫೦ರಿಂದ ೧೯೫೪ರವರೆಗೆ ಧಾರಾವಾಹಿಯಾಗಿ ಬರೆದ ಪೊನ್ನಿಯಿನ್ ಸೆಲ್ವನ್ ಕಾದಂಬರಿಯು ಆ ದೊರೆಯ ತಾರುಣ್ಯವನ್ನು ಮನೆಮನೆಯ ಕಥೆಯಾಗಿ ಮಾಡಿತು. ೨೦೨೨ ಮತ್ತು ೨೦೨೩ರಲ್ಲಿ ಬಂದ ಚಲನಚಿತ್ರಗಳು ಕನ್ನಡದಲ್ಲಿಯೂ ಮಾತನಾಡಿದವು. ಹೀಗೆ ದೋಣೂರಿನ ನಾಡಿನ ತರುಣರು ದೋಣೂರನ್ನು ಸುಲಿದ ಮನೆತನದ ಕಥೆಯನ್ನು ಆಸಕ್ತಿಯಿಂದ ತಿಳಿದರು, ದೋಣೂರನ್ನು ಕಾಯ್ದವನ ಹೆಸರನ್ನು ಅರಿಯರು. ಇದಕ್ಕಾಗಿ ತಮಿಳರ ಮೇಲೆ ಮುನಿಯುವುದು ಅವಿವೇಕವಾಗುತ್ತದೆ. ತಮ್ಮ ದೊರೆಯ ಕಲ್ಲನ್ನೂ ಕಥೆಯನ್ನೂ ಅವರು ಒಂದರ ಪಕ್ಕದಲ್ಲಿ ಒಂದನ್ನಿಟ್ಟರು. ಕನ್ನಡಿಗರು ಬೇರೆಬೇರೆಯಾಗಿ ಇಟ್ಟರು.

ಹೆಸರಿನಿಂದಲೂ ಸತ್ಯಾಶ್ರಯನಿಗೆ ಹಾನಿಯಾಗಿದೆ. ಸತ್ಯಾಶ್ರಯವೆಂಬುದು ಬಾದಾಮಿಯ ಇಮ್ಮಡಿ ಪುಲಕೇಶಿಯ ಬಿರುದು. ಚಾಲುಕ್ಯರ ಕುಲಕ್ಕೇ ಅದು ಹೆಸರಾಗಿ ನಿಂತಿತು. ಅದನ್ನು ಅರಸುತ್ತ ಹೊರಟವರು ಸಹಜವಾಗಿಯೇ ೬೩೪ರ ಐಹೊಳೆಯ ರವಿಕೀರ್ತಿಯ ಪ್ರಶಸ್ತಿಗೆ ಹೋಗಿ ಮುಟ್ಟುತ್ತಾರೆ. ಪುಲಕೇಶಿಗೆ ಐಹೊಳೆಯ ಗುಡಿಯುಂಟು, ಬಾದಾಮಿಯ ಕೋಟೆಯುಂಟು, ೧೯೬೭ರ ಚಲನಚಿತ್ರವೂ ಉಂಟು. ಇರಿವಬೆಡಂಗನಿಗೆ ಅಂತಹ ಒಂದು ನೆಲೆಯಿಲ್ಲ. ಅವನ ಕಾಲದ ಅತ್ಯುತ್ತಮವಾದ ಕಟ್ಟಡವೆನ್ನಬಹುದಾದ ಲಕ್ಕುಂಡಿಯ ಬ್ರಹ್ಮಜಿನಾಲಯವೂ, ಹೊಟ್ಟೂರಿನ ಶಾಸನವು ಹುಟ್ಟಿದ ಕಾಲದಲ್ಲಿಯೇ, ೧೦೦೭ರಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಎದ್ದಿತು. ದಕ್ಷಿಣದ ದಂಡು ನಾಡನ್ನು ತುಳಿದ ದಿನಗಳಲ್ಲಿಯೇ ಅಂತಹ ಬಸದಿಯು ಮೇಲೇಳಬಲ್ಲುದಾಗಿದ್ದರೆ ಆ ರಾಜ್ಯದ ಬೆನ್ನು ಮುರಿದಿರಲಿಲ್ಲವೆಂಬುದೇ ಅರ್ಥ. ಇದನ್ನು ಸತ್ಯಾಶ್ರಯನ ಪರವಾದ ಮೌನಸಾಕ್ಷ್ಯವೆಂದು ಎಣಿಸಬಹುದು.

ಕೀರ್ತಿಯು ಪ್ರತಿಗಳಿಂದ ಬಾಳುತ್ತದೆಂಬುದನ್ನು ಆ ಕಾಲದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಿತವಳು ಅತ್ತಿಮಬ್ಬೆಯೇ. ರನ್ನನಿಂದ ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ಆ ಮಹಿಳೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಪ್ರತಿಗಳಿಲ್ಲದ ಕೀರ್ತಿಯ ಗತಿಯೇನೆಂಬುದಕ್ಕೆ ಅದೇ ಚಾಲುಕ್ಯವಂಶದ ಇನ್ನೊಂದು ಉದಾಹರಣೆ ಸಾಕು: ಬಿಲ್ಹಣನ ವಿಕ್ರಮಾಂಕದೇವಚರಿತವು ೧೮೭೪ರಲ್ಲಿ ಬ್ಯೂಲರ್ ಪಂಡಿತನಿಗೆ ಜೈಸಲ್ಮೇರಿನ ಜೈನಭಂಡಾರದಲ್ಲಿ ದೊರೆಯದೆ ಹೋಗಿದ್ದರೆ, ಆರನೆಯ ವಿಕ್ರಮಾದಿತ್ಯನ ಚರಿತ್ರೆಯ ಒಂದು ದೊಡ್ಡ ಭಾಗವು ಕತ್ತಲೆಯಲ್ಲಿಯೇ ಉಳಿಯುತ್ತಿದ್ದಿತು. ಕವಿಗಳಿಲ್ಲದ ರಾಜರಿಗೆ ಕೀರ್ತಿಯಿಲ್ಲವೆಂದು ಸಾರಿದ ಬಿಲ್ಹಣನ ಕಾವ್ಯಕ್ಕೇ ಎಂಟು ಶತಮಾನಗಳ ಅಜ್ಞಾತವಾಸವು ತಪ್ಪಲಿಲ್ಲ.

೬

ಇಷ್ಟರಿಂದ ಲೋಕಕುತೂಹಲವೂ ಕೀರ್ತಿಯೂ ಒಂದೇ ಅಲ್ಲವೆಂಬುದು ಸಿದ್ಧವಾಗುತ್ತದೆ. ಕುತೂಹಲವು ಹೊಳೆಯ ನೀರಿನಂತೆ. ಮಳೆ ಬಂದಾಗ ಏರುತ್ತದೆ, ನಿಂತಾಗ ಇಳಿಯುತ್ತದೆ. ಬಾನುಲಿಯ ಒಂದು ಮಾತಿನಿಂದ, ಚಲನಚಿತ್ರದ ಒಂದು ವಾರದಿಂದ ಅದು ಹೆಚ್ಚಬಹುದು. ಅದರ ಏರಿಳಿತದಿಂದ ಒಬ್ಬ ಅರಸನ ಯೋಗ್ಯತೆಯನ್ನು ಅಳೆಯುವುದು ಸಲ್ಲದು. ಹಾಗೆಂದು ಅದನ್ನು ಅಲ್ಪರ ವಿನೋದವೆಂದು ತಿರಸ್ಕರಿಸುವುದೂ ವಿದ್ವಾಂಸರಿಗೆ ಭೂಷಣವಲ್ಲ. ಮಾರ್ಕಂಡೇಯನು ತನಗೆ ತಿಳಿಯದೆಂದು ಹೇಳಿ ಸುಮ್ಮನೆ ಕುಳಿತಿರಲಿಲ್ಲ. ತನಗಿಂತ ಹಿರಿಯರನ್ನು ಹುಡುಕಿಕೊಂಡು ಆ ದೊರೆಯೊಡನೆ ತಾನೂ ಹೋದನು. ನಾಯಿಯನ್ನು ನೋಡಲು ಮುಧೋಳಕ್ಕೆ ಬಂದವನನ್ನು ಕವಿಯ ಬಳಿಗೂ, ಕವಿಯ ಬಳಿಗೆ ಬಂದವನನ್ನು ಅರಸನ ಬಳಿಗೂ ಕರೆದೊಯ್ಯಬಹುದು. ದಾರಿಯು ಇದೆ, ನಡೆಸುವವರು ಬೇಕು.

ಆ ನಡೆಸುವಿಕೆಯಲ್ಲಿ ಸಾಹಿತ್ಯದ ಅಧ್ಯಾಪಕರ ಪಾಲು ಹಿರಿದು. ಗದಾಯುದ್ಧವನ್ನು ಪಾಠಹೇಳುವಾಗ ಪೀಠಿಕಾಭಾಗವನ್ನು ಬಿಟ್ಟು ದುರ್ಯೋಧನವಿಲಾಪಕ್ಕೆ ನೇರವಾಗಿ ಹೋಗುವ ಪದ್ಧತಿಯು ಬೆಳೆದಿದೆ. ರಸದ ದೃಷ್ಟಿಯಿಂದ ಅದು ಕ್ಷಮ್ಯ. ಆದರೆ ಪೀಠಿಕೆಯನ್ನು ಬಿಟ್ಟಲ್ಲಿಗೆ ಸತ್ಯಾಶ್ರಯನೂ ಬಿಟ್ಟುಹೋಗುತ್ತಾನೆ, ಭೀಮನಿಗೆ ಪಟ್ಟವೇಕೆ ಆಯಿತೆಂಬುದು ವಿದ್ಯಾರ್ಥಿಗೆ ತಿಳಿಯದೆ ಹೋಗುತ್ತದೆ. ಪೀಠಿಕೆಯ ಪಕ್ಕದಲ್ಲಿ ಹೊಟ್ಟೂರಿನ ಶಾಸನವನ್ನೂ, ಅದರ ಪಕ್ಕದಲ್ಲಿ ತಂಜಾವೂರಿನ ಶಾಸನವನ್ನೂ ಇಟ್ಟು ಓದಿಸಿದರೆ ಎರಡು ಪ್ರಯೋಜನಗಳುಂಟು. ಕಾವ್ಯವು ಕೊಟ್ಟ ಪ್ರಶಂಸೆಯಲ್ಲಿ ಸತ್ಯವೆಷ್ಟು, ಕಲ್ಲು ಕೊಟ್ಟ ಪ್ರಶಂಸೆಯಲ್ಲಿ ಸತ್ಯವೆಷ್ಟು ಎಂದು ತೂಗುವ ವಿವೇಕವು ವಿದ್ಯಾರ್ಥಿಗೆ ಬರುತ್ತದೆ. ಜೊತೆಗೆ, ಸುಲಿಗೆಗೆ ಸಿಕ್ಕಿದ ನಾಡಿನ ಹೆಂಗಸರು ಮಕ್ಕಳ ಸಂಕಟವೂ ಅದನ್ನು ಕೊನೆಗಾಣಿಸಿದ ದೊರೆಯ ಶ್ರಮವೂ ಒಟ್ಟಿಗೆ ಕಾಣುತ್ತವೆ. ಆಗ ರನ್ನನ ದುರ್ಯೋಧನನು ನಡೆದ ರಣರಂಗವು ಬರಿಯ ಪುರಾಣದ ಕುರುಕ್ಷೇತ್ರವಾಗಿ ಉಳಿಯದೆ, ಕೃಷ್ಣೆಯ ಆಚೆಯ ದಡದ ನೆಲವನ್ನೂ ನೆನಪಿಗೆ ತರುತ್ತದೆ.

ಇರಿವಬೆಡಂಗನು ಕಟ್ಟಿಸಿದ ಮಹಾದೇವಾಲಯವಿಲ್ಲದಿರಬಹುದು, ಅವನ ಕವಲು ಸಿಂಹಾಸನದಲ್ಲಿ ಮುಂದುವರಿಯದಿರಬಹುದು, ಅವನ ಕಾವ್ಯವು ಬೇರೊಬ್ಬನಿಗೆ ಕಣ್ಣೀರನ್ನು ಕೊಟ್ಟಿರಬಹುದು. ಆದರೂ ಅವನ ಪೋಷಣೆಯ ಗೋವುಗಳು ತುಳಿದ ಸರೋವರವೊಂದು ಬತ್ತದೆ ಉಳಿದಿದೆ. ಅದು ಗದಾಯುದ್ಧವೇ ಹೊರತು ಬೇರೆಯಲ್ಲ. ಕನ್ನಡಿಗರು ಸಾವಿರ ವರ್ಷಗಳಿಂದ ಆ ನೀರನ್ನು ಕುಡಿಯುತ್ತಿದ್ದಾರೆ. ಅದು ಯಾರ ಕೊಡುಗೆಯಿಂದ ನಿಂತಿತೆಂದು ಹೇಳುವ ಆಮೆಯ ಕಾರ್ಯವಷ್ಟೇ ಈಗ ಉಳಿದಿರುವುದು.